ಎಂಪಿ3 ಪ್ಲೇಯರ್‌ನಲ್ಲಿ ಫೈಲ್ ಕ್ರಮ ತಪ್ತಿದ್ರೆ ಹೀಗ್ ಮಾಡಿ

ಬಸ್ಸಲ್ಲೂ ಮನೇಲೂ ಕೇಳೋಕೆ ಅಂತ ಗಮಕ ವಾಚನದ 40 ಭಾಗ ಸ್ಕ್ರೀನ್ ಇಲ್ಲದ ಸಣ್ಣ ಪ್ಲೇಯರ್‌ಗೆ ಹಾಕಿದ್ದೆ, 1 ಆದ್ಮೇಲೆ 17, ಆಮೇಲೆ 5 ಅಂತ ಹಾರ್ತಿತ್ತು. ಶಫಲ್ ಆಫೇ ಇತ್ತು. ರೀಸೆಟ್ ಮಾಡ್ದೆ, ಹೆಸರನ್ನ 01, 02 ಅಂತ ಬದಲಾಯಿಸ್ದೆ, ಟ್ಯಾಗಲ್ಲಿ (ಫೈಲ್ ಒಳಗಿರೋ ಹಾಡಿನ ವಿವರದಲ್ಲಿ) ಟ್ರ್ಯಾಕ್ ನಂಬರ್ ಹಾಕ್ದೆ, ಯಾವ್ದೂ ಆಗ್ಲಿಲ್ಲ.

ಇಂಥ ಎಷ್ಟೋ ಪ್ಲೇಯರ್ ಹೆಸರು ನೋಡಲ್ಲ, ಫೈಲ್ ಮೆಮೊರಿ ಕಾರ್ಡಿಗೆ ಬರೆದ ಕ್ರಮಾನೇ ನೋಡೋದು. ಹಾಗಾಗಿ ಎಲ್ಲಾ ಕಂಪ್ಯೂಟರ್‌ಗೆ ಬ್ಯಾಕಪ್ ತಗೊಂಡು, ಕಾರ್ಡನ್ನ ಫ್ಯಾಟ್32ಗೆ (ಕಾರ್ಡಲ್ಲಿ ಫೈಲ್ ಜೋಡಿಸಿಡೋ ಒಂದು ವಿಧಾನ) ಫಾರ್ಮ್ಯಾಟ್ ಮಾಡಿ (ಬರೀ ಡಿಲೀಟ್ ಮಾಡಿದ್ರೆ ಹೊಸ ಫೈಲ್ ಹಳೇ ಖಾಲಿ ಜಾಗದಲ್ಲಿ ಕೂತು ಮತ್ತೆ ಕ್ರಮ ಕೆಡಬಹುದು), ಒಂದು ಫೋಲ್ಡರ್ ಮಾಡಿ 01ರಿಂದ ಒಂದೊಂದೇ ಕಾಪಿ ಮಾಡ್ದೆ, ಒಂದು ಮುಗಿದ್ಮೇಲೇ ಇನ್ನೊಂದು. ಈಗ 40ರವರೆಗೂ ಸರಿಯಾಗಿ ಬರ್ತಿದೆ. ಲಿನಕ್ಸ್ ಇದ್ರೆ ಕಾರ್ಡ್ ಅನ್‌ಮೌಂಟ್ ಮಾಡಿ (ಹೊರಗೆ ತೆಗೀದೆ, ಸಿಸ್ಟಮ್‌ನಿಂದ ಮಾತ್ರ ಬಿಡಿಸಿ) ಫ್ಯಾಟ್‌ಸಾರ್ಟ್ ಅನ್ನೋ, ಫೈಲ್‌ಗಳನ್ನ ಹೆಸರಿನ ಕ್ರಮಕ್ಕೆ ಜೋಡಿಸೋ ಪ್ರೋಗ್ರಾಂ ಓಡಿಸಿ, ಇಷ್ಟೆಲ್ಲಾ ಬೇಡ.