ಬೀಳುವ ಹಿಂದಿನ ದಿನ ಹೇಗಿದ್ರು?

ಸಾಗರದ ಸುತ್ತಮುತ್ತ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕಸುಬು. ಮಳೆಗಾಲ ಹಿಡಿಯಿತೆಂದರೆ ಫೋನುಗಳೂ ಹಿಡಿದವು ಅಂತಲೇ ಲೆಕ್ಕ. ಅಂಗಳದ ಪಾಚಿ, ಬಚ್ಚಲ ಕಲ್ಲು, ಕರೆಂಟ್ ಹೋದಾಗ ಕಾಣದ ಹೊಸ್ತಿಲು. "ಅಜ್ಜಿ ಸೊಂಟ ಮುರ್ಕೊಂಡಿದಾರೆ, ಆಪರೇಷನ್ ಆಗಿದೆ, ಎಷ್ಟು ದಿನಕ್ಕೆ ಓಡಾಡ್ತಾರೆ?"

ಸೊಂಟ ಅಂತ ಹೇಳುವುದು ವಾಡಿಕೆ, ಮುರಿದಿರುವುದು ತೊಡೆಮೂಳೆ. ಅದು ಎಲ್ಲಿ ಮುರಿದಿದೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಹಾಗಾಗಿ ಮೊದಲು ಎಕ್ಸ್‌ರೇ ನೋಡುತ್ತೇನೆ. ಆಮೇಲೆ ಕೇಳುವುದು ಒಂದೇ ಮಾತು: ಬೀಳುವ ಹಿಂದಿನ ದಿನ ಇವರು ಹೇಗೆ ಓಡಾಡ್ತಿದ್ರು?

ತೊಡೆಮೂಳೆಯ ತುದಿಯಲ್ಲಿ ಚೆಂಡು, ಅದರ ಕೆಳಗೆ ಕತ್ತು. ಕತ್ತು ಮುರಿದು ಸರಿದರೆ ಚೆಂಡಿಗೆ ಹೋಗುವ ರಕ್ತನಾಳಗಳೂ ಹಾಳಾಗುತ್ತವೆ; ಸ್ಕ್ರೂ ಹಾಕಿದರೂ ಮುದಿ ಮೂಳೆ ಕೂಡುವ ಭರವಸೆ ಕಡಿಮೆ. ಅದಕ್ಕೇ ಚೆಂಡನ್ನೇ ತೆಗೆದು ಲೋಹದ್ದು ಕೂರಿಸುತ್ತಾರೆ. ಕೂಡಬೇಕಾದ ಮೂಳೆಯೇ ಇಲ್ಲದ ಮೇಲೆ ಕಾಯುವುದು ಯಾತಕ್ಕೆ? ಸಾಮಾನ್ಯವಾಗಿ ಮರುದಿನವೇ ಕಾಲೂರಿ ನಿಲ್ಲಿಸುತ್ತಾರೆ.

ಜನ ಇದನ್ನು ನಂಬುವುದಿಲ್ಲ. ಒಂದು ಮನೆಯಲ್ಲಿ 80 ದಾಟಿದ ಅಜ್ಜಿಯನ್ನು ಹನ್ನೆರಡು ದಿನ ಮಂಚದಿಂದ ಇಳಿಸಿರಲಿಲ್ಲ. ಯಾರೋ ನೆಂಟರು ಒಂದು ತಿಂಗಳು ಅಲುಗಾಡಿಸಬೇಡಿ ಅಂದಿದ್ದರಂತೆ. ಬೆನ್ನ ಕೆಳಗೆ ಆಗಲೇ ಕೆಂಪಡರಿತ್ತು. ವಾಕರ್ ಹಿಡಿಸಿ ಎಬ್ಬಿಸಿದೆ. "ಬಿಡೋ ಮಾರಾಯ, ಬೀಳ್ತೀನಿ" ಅಂತ ನನ್ನ ತೋಳು ಗೀರಿದರು. ಹತ್ತು ಎಣಿಸುವಷ್ಟರಲ್ಲಿ ಮೂಗರಳಿಸಿ, "ಹಾಲು ಸೀದ್‌ಹೋಯ್ತು, ಯಾರೂ ನೋಡಲ್ವೇನೇ?" ಅಂತ ಸೊಸೆಗೆ ಬೈದರು. ಬೈದುಕೊಂಡೇ ನಿಂತಿದ್ದರು! ಇಂಥ ಮೂಳೆ ಮುರಿದ ವಯಸ್ಸಾದವರಲ್ಲಿ ಹತ್ತಕ್ಕೆ ಎರಡು ಮೂರು ಜನ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಮೊದಲೇ ಇದ್ದ ಕಾಯಿಲೆ, ನಿಶ್ಶಕ್ತಿಗಳ ಜೊತೆಗೆ ಮಲಗಿದಲ್ಲಿ ಕಟ್ಟುವ ಕಫ, ಹೆಪ್ಪುಗಟ್ಟುವ ರಕ್ತ, ಬೆನ್ನ ಹುಣ್ಣು ಸೇರಿಕೊಳ್ಳುತ್ತವೆ. ಚೆಂಡು ಹಾಕಿಸಿಕೊಂಡವರಿಗೆ ಮಣೆ, ನೆಲದ ಕಕ್ಕಸು, ಕಾಲ ಮೇಲೆ ಕಾಲು ಮಾತ್ರ ಬೇಡ ಅನ್ನುತ್ತೇನೆ, ಚೆಂಡು ಜಾರೀತು.

ಕತ್ತಿನ ಕೆಳಗಿನ ಗಂಟಿನ ಜಾಗ ಮುರಿದರೆ ಕತೆ ಬೇರೆ. ಅಲ್ಲಿನ ಮೂಳೆ ಸ್ಪಂಜಿನ ಹಾಗೆ, ರಕ್ತದ ಓಡಾಟ ಚೆನ್ನಾಗಿರುವುದರಿಂದ ಸುಮಾರು ಮೂರು ತಿಂಗಳಲ್ಲಿ ಕೂಡುತ್ತದೆ. ಒಳಗೊಂದು ರಾಡು, ಅಡ್ಡಕ್ಕೆ ಸ್ಕ್ರೂ. ಇಲ್ಲೂ ಬಹಳಷ್ಟು ಜನರನ್ನು ಬೇಗ ಎಬ್ಬಿಸಬಹುದು, ಆದರೆ ಮೊದಲ ವಾರಗಳ ನೋವು ಜೋರು. ತೊಡೆಯೊಳಗೆ ಸಾಕಷ್ಟು ರಕ್ತ ಸೋರಿಹೋಗಿರುತ್ತದೆ. ನಿಂತೊಡನೆ ಕಣ್ಣು ಕತ್ತಲೆ. "ಪಕ್ಕದ ಮನೆಯವರು ವಾರಕ್ಕೇ ನಡೆದ್ರು, ಇವರಿಗೆ ಸೋಂಬೇರಿತನ" ಅನ್ನುವ ಮಕ್ಕಳಿಗೆ ಹಿಮೋಗ್ಲೋಬಿನ್ ರಿಪೋರ್ಟ್ ತೋರಿಸುತ್ತೇನೆ. ಕೆಲವರ ಕಾಲು ತುಸು ಗಿಡ್ಡವಾಗುತ್ತದೆ. ಚಪ್ಪಲಿ ಅಂಗಡಿಯಲ್ಲಿ ಒಂದು ಪದರ ಅಟ್ಟೆ ಹಚ್ಚಿಸಿದರೆ ಅರ್ಧ ಕುಂಟು ಅಲ್ಲೇ ಹೋಯಿತು. ಆರು ತಿಂಗಳ ಹೊತ್ತಿಗೆ ನಾನು ಕಂಡಂತೆ ಚೆಂಡಿನವರಿಗೂ ರಾಡಿನವರಿಗೂ ದೊಡ್ಡ ಅಂತರ ಉಳಿಯುವುದಿಲ್ಲ.

ಮಂಡಿಯ ಮೇಲ್ಗಡೆ ಮುರಿದು ಪ್ಲೇಟ್ ಹಾಕಿದವರೇ ನನಗೆ ಕಷ್ಟ. ಮಂಡಿ ಬಿಗಿಯುತ್ತದೆ, ಮೇಲಾಗಿ ಎಷ್ಟೋ ಸಲ ಡಾಕ್ಟರು "ಅರೆಭಾರ ಮಾತ್ರ" ಅಂತ ಬರೆದಿರುತ್ತಾರೆ. ಅರೆಭಾರ ಅಂದರೆ ಎಷ್ಟು ಅಂತ 75ರ ಅಜ್ಜನಿಗೆ ಹೇಗೆ ಗೊತ್ತಾಗಬೇಕು? ಮುರಿದ ಕಾಲಿನಡಿ ತೂಕದ ಯಂತ್ರ, ಇನ್ನೊಂದರಡಿ ಅಷ್ಟೇ ಎತ್ತರದ ಹಲಗೆ ಇಟ್ಟೆ. ಮುಳ್ಳು 15 ಕೆಜಿ ದಾಟಿದರೆ "ಹಾಂ" ಅನ್ನುತ್ತಿದ್ದೆ. ಜೀವನವಿಡೀ ಅಡಿಕೆ ತೂಗಿದ ಮನುಷ್ಯ, ಎರಡೇ ದಿನಕ್ಕೆ ಮುಳ್ಳು ನೋಡದೆಯೂ ಕಾಲಿನ ಅಂದಾಜು ಸಿಕ್ಕಿತು.

ಹಿಂದಿನ ದಿನದ ಪ್ರಶ್ನೆ ನಾನು ಕಲಿತದ್ದು ತಪ್ಪು ಮಾಡಿ. ಎಪ್ಪತ್ತರ ಆಸುಪಾಸಿನ ಒಬ್ಬರು ತೊಡೆನೋವು ಅಂತ ಕರೆಸಿದ್ದರು. ಸಯಾಟಿಕಾ, ಅಂದರೆ ಬೆನ್ನಿನಿಂದ ಕಾಲಿಗಿಳಿಯುವ ನರದ ನೋವು ಇರಬೇಕು ಅಂದುಕೊಂಡು ಮೂರು ವಾರ ವ್ಯಾಯಾಮ ಮಾಡಿಸಿದೆ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ತಿರುಗುವಾಗಲೇ ತೊಡೆಮೂಳೆ ಅಡ್ಡಕ್ಕೆ ಪಟ್ಟನೆ ಮುರಿಯಿತು. ಬಿದ್ದು ಮುರಿದದ್ದಲ್ಲ, ಮುರಿದು ಬಿದ್ದದ್ದು. ಅವರು ಮೂಳೆ ಸವೆತಕ್ಕೆ ವಾರಕ್ಕೊಂದರಂತೆ ಅಲೆಂಡ್ರೊನೇಟ್ ಗುಳಿಗೆ ಏಳೆಂಟು ವರ್ಷದಿಂದ ನುಂಗುತ್ತಿದ್ದರು. ಬಹುಕಾಲ ತೆಗೆದುಕೊಂಡವರಲ್ಲಿ ಅಪರೂಪಕ್ಕೆ ಹೀಗಾಗುತ್ತದೆ, ಎಷ್ಟೋ ಸಲ ಮೊದಲು ತೊಡೆಯೋ ತೊಡೆಸಂದೋ ನೋಯುತ್ತದೆ. ಕೂಡುವುದೂ ನಿಧಾನ, ಅವರಿಗೆ ವರ್ಷ ಹಿಡಿಯಿತು. (ಇದನ್ನೋದಿ ಗುಳಿಗೆ ಬಿಸಾಡಬೇಡಿ, ಅದು ಮುರಿಸುವುದಕ್ಕಿಂತ ಉಳಿಸುವ ಮೂಳೆಗಳೇ ಬಹಳ ಹೆಚ್ಚು. ಡಾಕ್ಟರನ್ನು ಕೇಳಿ.) ಮುರಿಯುವ ಮೊದಲೇ ತೊಡೆ ಸುಳಿವು ಕೊಟ್ಟಿತ್ತು; ನಾನು ಅವತ್ತು ಗುಳಿಗೆ ಡಬ್ಬಿ ನೋಡಿರಲಿಲ್ಲ, ಅಷ್ಟೇ.

ಈಗ ಮುಟ್ಟುವ ಮೊದಲು ಡಬ್ಬಿ ತರಿಸುತ್ತೇನೆ. ಮೊನ್ನೆ ತೊಡೆನೋವು ಅಂತ ಕರೆಸಿದ ಒಬ್ಬರು ಸ್ಟೀಲ್ ಡಬ್ಬಿ ತಂದು ಮಂಚದ ಮೇಲೆ ಸುರಿದರು. ಬಿಪಿಯದ್ದು, ಗ್ಯಾಸಿನದ್ದು, ಅದರ ನಡುವೆ ಆ ವಾರದ ಗುಳಿಗೆಯ ಪಟ್ಟಿ. "ಎಷ್ಟು ವರ್ಷದಿಂದ ಅಮ್ಮಾ?" "ಮೊಮ್ಮಗ ಹುಟ್ಟಿದಾಗಿನಿಂದ." ಮೊಮ್ಮಗ ಜಗಲಿಯಲ್ಲಿ ಆರನೇ ಕ್ಲಾಸಿನ ಲೆಕ್ಕ ಮಾಡುತ್ತಿದ್ದ. ವ್ಯಾಯಾಮ ಬಿಟ್ಟು, ಎರಡೂ ತೊಡೆಯ ಎಕ್ಸ್‌ರೇ ತೆಗೆಸಿ ಅಂತ ಚೀಟಿ ಬರೆದು ಡಾಕ್ಟರ ಹತ್ತಿರ ಕಳಿಸಿದೆ.