ಮರೆವಿನ ಕಾಯಿಲೆ ಇರೋರಿಗೆ ಮನೇಲೇ ಎಕ್ಸರ್‌ಸೈಜ್ ಮಾಡ್ಸೋದು ಹೇಗೆ

ಮೊದ್ಲು, 'ಎಕ್ಸರ್‌ಸೈಜ್' ಅನ್ನೋ ಪದಾನೇ ಬಿಟ್ಬಿಡಿ. ನಮ್ಮತ್ತೆಗೆ ಹಾಗಂದ್ರೆ "ನಂಗೇನಾಗಿದೆ" ಅಂತ ಮುಖ ತಿರುಗಿಸ್ತಾರೆ, ಅದೇ "ಬನ್ನಿ ಅತ್ತೆ, ತುಳಸಿಗೆ ನೀರು ಹಾಕೋಣ" ಅಂದ್ರೆ ಸಲೀಸಾಗಿ ಎದ್ದು ಬರ್ತಾರೆ.

ಕಾಲಿಗೆ ಬಲ ಬರ್ಬೇಕು ಅಂದ್ರೆ ಕುರ್ಚಿಯಿಂದ ಏಳೋದು ಕೂರೋದೇ ಬೆಸ್ಟ್. ಕೈ ಇರೋ ಗಟ್ಟಿ ಕುರ್ಚೀನ ಗೋಡೆಗೆ ಒತ್ತಿ ಇಡಿ (ಪ್ಲಾಸ್ಟಿಕ್ ಚೇರ್ ಬೇಡ, ಜಾರತ್ತೆ), ಕಾಲುಚೀಲ ಬಿಚ್ಚಿಸಿ, ಎದುರಿಗೆ ಕೂತು ಮೊದ್ಲು ನೀವೇ ಮಾಡಿ ತೋರ್ಸಿ. ಒಂದ್ಸಲಕ್ಕೆ ಒಂದೇ ಮಾತು. "ಪಾದ ಹಿಂದಕ್ಕೆ" ಅಂದು ಸುಮ್ನೆ ಕಾಯಿರಿ, ಆ ಮಾತು ತಲೆಗೆ ಹೋಗಿ ಕಾಲಿಗೆ ಇಳಿಯೋಕೆ ಹತ್ತು ಸೆಕೆಂಡೇ ಆಗ್ಬಹುದು, ಆಮೇಲೆ "ಮುಂದೆ ಬಾಗಿ", ಆಮೇಲೆ "ಏಳಿ". ಐದು ಸಲ ಸಾಕು. ತೋಳು ಹಿಡಿದು ಮಾತ್ರ ಎಳೀಬೇಡಿ, ಅವ್ರ ಭುಜಾನೂ ಹೋಗತ್ತೆ ನಿಮ್ಮ ಸೊಂಟಾನೂ ಹೋಗತ್ತೆ.

ಬೆಳಿಗ್ಗೆ ಕಾಫಿ ಆದ್ಮೇಲೆ ಒಳ್ಳೇ ಟೈಮು, ಸಂಜೆ ಆಗ್ತಿದ್ದಂಗೆ ಕೆಲವರಿಗೆ ಗೊಂದಲ, ಸಿಡುಕು ಜಾಸ್ತಿ ಆಗತ್ತೆ. ದೇವರನಾಮ ಹಾಕಿದ್ರೆ ಕೈ ತಾನಾಗೇ ತಾಳ ಹಾಕತ್ತೆ, ಅದೂ ವ್ಯಾಯಾಮಾನೇ.

ನೋಡ್ಕೊಳ್ಳೋರೂ ಜೊತೇಲೇ ಮಾಡಿ. ವಾರಕ್ಕೆ 150 ನಿಮಿಷ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ, ಹತ್ತತ್ತು ನಿಮಿಷ ಮಾಡಿದ್ರೂ ಸೇರತ್ತೆ. ತಲೆಸುತ್ತು, ಎದೆನೋವು, ಉಸಿರು ಕಟ್ಟೋದು ಕಂಡ್ರೆ ತಕ್ಷಣ ನಿಲ್ಸಿ ಡಾಕ್ಟರ್‌ಗೆ ತೋರ್ಸಿ. ಬರೀ "ಇವತ್ತು ಬೇಡ" ಅಂದ್ರೆ ಬಿಡಿ, ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ, ಬೇಡ ಅಂದಿದ್ದು ಅವ್ರಿಗೂ ನೆನಪಿರಲ್ಲ.