ಮಾಗಿ ಚಳಿಯಲ್ಲಿ ಮಗುವಿನೊಂದಿಗೆ ಮೈಸೂರು ಝೂ: ನಾನು ಹಾಕುವ ಲೆಕ್ಕ

ಡಿಸೆಂಬರ್–ಜನವರಿಯಲ್ಲಿ ಮೈಸೂರಿನ ಬೆಳಗಿನ ಚಳಿ 16–17 ಡಿಗ್ರಿಯ ಆಸುಪಾಸಿನದು. ಮಧ್ಯಾಹ್ನದ ಹೊತ್ತಿಗೆ 27–28ಕ್ಕೆ ಏರುತ್ತದೆ. ಝೂನಲ್ಲಿ ಇಡೀ ದಿನದ ಲೆಕ್ಕ ನಿಂತಿರುವುದು ಈ ಹತ್ತು ಡಿಗ್ರಿಯ ವ್ಯತ್ಯಾಸದ ಮೇಲೆ. ಮಗುವಿನ ಬಟ್ಟೆ ಒಂದೇ ಅಲ್ಲ, ಯಾವ ಪ್ರಾಣಿ ಯಾವಾಗ ಹೊರಗೆ ಬರುತ್ತದೆ ಎಂಬುದೂ ಇದರಿಂದಲೇ ತೀರ್ಮಾನವಾಗುತ್ತದೆ.

ಗೇಟು ತೆರೆಯುವುದು ಬೆಳಿಗ್ಗೆ 8.30ಕ್ಕೆ, ಮಂಗಳವಾರ ರಜ. ನಾನು ಬುಧವಾರ ಅಥವಾ ಗುರುವಾರ ಆರಿಸಿಕೊಂಡು 8.30ಕ್ಕೇ ಒಳಗಿರುತ್ತೇನೆ. ಚಳಿಗಾಲವೆಂದರೆ ಶಾಲಾ ಪ್ರವಾಸದ ಕಾಲ. ಹತ್ತು ಗಂಟೆಯ ನಂತರ ಬಸ್ಸುಗಳು ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ಆಮೇಲೆ ಮೂರೂವರೆ ಅಡಿಯ ಮಗುವಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರಕ್ಕಂತೂ ಕೈಮುಗಿಯಬೇಕು.

ಸ್ವೆಟರ್ ಬಗ್ಗೆ ಒಂದು ಮಾತು. ತಲೆಯ ಮೇಲಿಂದ ಎಳೆದು ಹಾಕುವಂಥದ್ದು ಬೇಡ, ಮುಂದೆ ಜಿಪ್ ಇರಲಿ, ಹತ್ತೂವರೆಯೊಳಗೆ ಬಿಚ್ಚಲೇಬೇಕಾಗುತ್ತದೆ. ಒಳಗೆ ತೋಳಿರುವ ಹತ್ತಿ ಅಂಗಿ. ನೇವಿ ನೀಲಿ, ಮರೂನ್ ಬಣ್ಣದ ಸ್ವೆಟರ್ ಖಂಡಿತ ಬೇಡ: ಯೂನಿಫಾರ್ಮ್ ಸ್ವೆಟರ್‌ಗಳ ಬಣ್ಣ ಅವೇ, ಶಾಲೆಯ ಗುಂಪೊಂದು ಅಡ್ಡ ಬಂದರೆ ನಿಮ್ಮ ಮಗು ಅದರಲ್ಲಿ ಕರಗಿಹೋಗುತ್ತದೆ. ಹಳದಿಯೋ ಕಿತ್ತಳೆಯೋ ಆಗಬಹುದು. ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕುವುದಕ್ಕಿಂತ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯುವುದು ವಾಸಿ, ಜೇಬಿದ್ದ ಸ್ವೆಟರ್ ಹನ್ನೊಂದಕ್ಕೆ ನಮ್ಮ ಚೀಲ ಸೇರಿರುತ್ತದಲ್ಲ. ಉಣ್ಣೆ ಟೊಪ್ಪಿಗೆ ಹಾಕಿದರೂ ಕಿವಿಯಿಂದ ಮೇಲಕ್ಕೆ ಸರಿಸಿಡಿ. ಹೂಲಾಕ್ ಗಿಬ್ಬನ್ ಎಂಬ ಬಾಲವಿಲ್ಲದ ವಾನರಗಳ ಕೂಗು ಹೆಚ್ಚಾಗಿ ಕೇಳುವುದು ಬೆಳಿಗ್ಗೆಯೇ. ಅದನ್ನು ತಪ್ಪಿಸಿಕೊಂಡರೆ ಅಷ್ಟು ಬೇಗ ಎಬ್ಬಿಸಿ ಕರೆತಂದದ್ದು ದಂಡ.

ಒಳಗೆ ಪ್ಲಾಸ್ಟಿಕ್ ನಿಷೇಧ, ಬಾಗಿಲಲ್ಲೇ ಚೀಲ ನೋಡುತ್ತಾರೆ. ಬಿಸ್ಕತ್ತಿನ ಪ್ಯಾಕೆಟ್ಟನ್ನು ಮನೆಯಲ್ಲೇ ಒಡೆದು ಸ್ಟೀಲ್ ಡಬ್ಬಿಗೆ ಹಾಕಿಕೊಳ್ಳಿ. ಅರ್ಧ ಲೀಟರ್ ಸ್ಟೀಲ್ ಫ್ಲಾಸ್ಕಿನಲ್ಲಿ ಬೆಚ್ಚಗಿನ ನೀರು ಸಾಕು. ಚಳಿಗೆ ಮಕ್ಕಳು ನೀರು ಕೇಳುವುದಿಲ್ಲ, ಕೇಳದಿದ್ದರೂ ಮುಕ್ಕಾಲು ಗಂಟೆಗೊಮ್ಮೆ ಎರಡು ಗುಟುಕು ಕೊಡುತ್ತೇನೆ. ಅದೇ ಚಳಿಗೆ ಮೂತ್ರಕ್ಕೂ ಬೇಗ ಅವಸರವಾಗುತ್ತದೆ, ಶೌಚಾಲಯದ ಫಲಕ ಕಂಡಲ್ಲೆಲ್ಲ ಕೇಳಿಯೇ ಮುಂದೆ ಹೋಗುವುದು. ತಿಂಡಿಗೆ ಚಪಾತಿ ಸುರುಳಿ, ಬಾಳೆಹಣ್ಣು. ಸೊಗಡವರೆ ಕಾಲವೆಂದು ಅವರೆಕಾಳಿನ ಉಪ್ಪಿಟ್ಟು ಕಟ್ಟಿಕೊಂಡು ಹೋಗುವ ಆಸೆ ಬರುತ್ತದೆ. ಮಗುವಿನ ಹೊಟ್ಟೆಯ ಗತಿ ನೆನೆದು ಬಿಡುತ್ತೇನೆ.

ಈಗ ಮುಖ್ಯ ವಿಷಯ. 1892ರಲ್ಲಿ ಶುರುವಾದ ಈ ಝೂ ಇಂದು ಸುಮಾರು 157 ಎಕರೆ. ನಡೆಯುವ ದಾರಿ ಬಹುಮಟ್ಟಿಗೆ ಬಾಣದ ಗುರುತಿನ ಒಮ್ಮುಖ ಸುತ್ತು. ಹಾಗಾಗಿ ಪ್ರಾಣಿಗಳ ಕ್ರಮ ನಮ್ಮ ಕೈಯಲ್ಲಿಲ್ಲ, ನಡಿಗೆಯ ವೇಗ ಮಾತ್ರ ನಮ್ಮದು. ಎಳೆಬಿಸಿಲಲ್ಲಿ ಚುರುಕಾಗಿರುವುದು ದೊಡ್ಡ ಸಸ್ತನಿಗಳು. ಜಿರಾಫೆ ಬಾಗಿಲ ಹತ್ತಿರವೇ ಸಿಗುತ್ತದೆ, ಅಲ್ಲಿ ಇಪ್ಪತ್ತು ನಿಮಿಷ ಹೋದರೂ ಚಿಂತೆಯಿಲ್ಲ. ಹುಲಿ ಚಳಿಯಲ್ಲಿ ಅಡ್ಡಾಡುತ್ತದೆ, ಬಿಸಿಲೇರಿದರೆ ನೆರಳಲ್ಲಿ ಚಾಪೆಯ ಹಾಗೆ ಬಿದ್ದುಕೊಳ್ಳುತ್ತದೆ.

ಮೊಸಳೆ, ಆಮೆ, ಹಾವುಗಳ ಲೆಕ್ಕ ಇದಕ್ಕೆ ತಿರುಗುಮುರುಗು. ಅವು ಮೈಯ ಬಿಸಿಯನ್ನು ಹೊರಗಿನಿಂದ ಪಡೆಯಬೇಕು. ಒಂಬತ್ತು ಗಂಟೆಗೆ ಅಲ್ಲಿ ಹೋದರೆ ಮಗು 'ಇದು ಬೊಂಬೆ' ಎಂದು ತೀರ್ಪು ಕೊಟ್ಟುಬಿಡುತ್ತದೆ. ಹನ್ನೊಂದರ ಮೇಲೆ ದಡಕ್ಕೆ ಬಿಸಿಲು ಬಿದ್ದಾಗ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. ಅದು ಸಿಟ್ಟಲ್ಲ, ತಲೆ ವಿಪರೀತ ಕಾಯದಂತೆ ಮಾಡಿಕೊಳ್ಳುವ ಉಪಾಯ ಎಂದು ಹೇಳಲು ಅದೇ ಸರಿಯಾದ ಹೊತ್ತು. ಬೇಗ ತಲುಪುವ ಹಾಗಿದ್ದರೆ ನಾನು ತಿಂಡಿಯ ವಿರಾಮವನ್ನು ಅದಕ್ಕೆ ಮುಂಚೆಯೇ ಇಟ್ಟು ಹೊತ್ತು ಕಳೆಯುತ್ತೇನೆ. ಹಾವಿನ ಗಾಜಿನ ಮುಂದೆ ನಮ್ಮದೇ ಬಿಂಬ ಅಡ್ಡ ಬರುತ್ತದೆ. ಕಪ್ಪು ಶಾಲನ್ನು ಮಗುವಿನ ತಲೆಯ ಮೇಲೆ ಗುಡಾರದಂತೆ ಹಿಡಿದು ಮುಖ ಗಾಜಿಗೆ ಹತ್ತಿರ ತಂದರೆ ಒಳಗಿನದು ಸ್ಪಷ್ಟ. ಗಾಜು ಬಡಿಯಲು ಬಿಡಬೇಡಿ, ಮಲಗಿದ ಹಾವು ಅದಕ್ಕೆಲ್ಲ ಏಳುವುದೂ ಇಲ್ಲ.

ಚಳಿಗಾಲದಲ್ಲೇ ಹೋಗುವುದಾದರೆ ಮಗುವಿಗೆ ಮೊದಲೇ ಹೇಳಿಡಬೇಕಾದ್ದು ನವಿಲಿನ ವಿಚಾರ. ಮಳೆಗಾಲ ಮುಗಿಯುವಾಗ ಗಂಡು ನವಿಲು ಉದ್ದನೆಯ ಗರಿಗಳನ್ನು ಉದುರಿಸುತ್ತದೆ. ಡಿಸೆಂಬರಿನಲ್ಲಿ ಅವು ಇನ್ನೂ ಬೆಳೆಯುತ್ತಿರುತ್ತವೆ, ಕುಣಿತ ನಿರೀಕ್ಷಿಸಿದರೆ ನಿರಾಸೆ. ಅದಕ್ಕೆ ಬದಲಾಗಿ ಚುಕ್ಕೆಜಿಂಕೆಯ ಕೊಂಬು ನೋಡಿಸಿ: ಈ ತಿಂಗಳುಗಳಲ್ಲಿ ಹಲವು ಗಂಡುಗಳ ಕೊಂಬಿನ ಮೇಲೆ ಮಖಮಲ್ಲಿನಂಥ ಚರ್ಮವಿರುತ್ತದೆ. ಆನೆಗಳ ಎದುರು ಒಂದು ಆಟ ಆಡಿಸಬಹುದು. ಆಫ್ರಿಕಾದ ಆನೆಗೆ ಕಿವಿ ದೊಡ್ಡದು, ನಮ್ಮದಕ್ಕೆ ಚಿಕ್ಕದು. ಕಿವಿ ಬೀಸುವುದು ಮೈಯ ಶಾಖ ಕಳೆಯಲು, ಆದ್ದರಿಂದ ಬೆಳಿಗ್ಗೆ ಬೀಸುವುದು ಕಡಿಮೆ. ಒಂದು ನಿಮಿಷಕ್ಕೆ ಎಷ್ಟು ಸಲ ಎಂದು ಎಣಿಸಲು ಹೇಳಿದರೆ ಐದು ವರ್ಷದ ಮಗುವೂ ಒಂದೆಡೆ ನಿಲ್ಲುತ್ತದೆ.

2021ರಲ್ಲಿ ಜರ್ಮನಿಯಿಂದ ತಂದ ಗೊರಿಲ್ಲಾಗಳ ಮುಂದೆ ಸದಾ ಗುಂಪು. ನೆಟ್ಟ ನೋಟ ಅವಕ್ಕೆ ಸವಾಲು ಹಾಕಿದ ಹಾಗೆ. ಓರೆಗಣ್ಣಲ್ಲಿ ನೋಡುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ, ಮಕ್ಕಳಿಗೆ ಇದು ಮಜಾ. ಮಗುವನ್ನು ಹೆಗಲ ಮೇಲೆ ಕೂರಿಸುವುದಾದರೆ ಕಂಬಿಯಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿ. ಕಂಬಿಯ ಮೇಲೆ ಕೂರಿಸುವುದು ಮಾತ್ರ ಯಾವ ಫೋಟೋಗೂ ಬೇಡ.

ಐದಾರು ವರ್ಷದ ಮಗುವಿಗೆ ಪೂರ್ತಿ ಸುತ್ತು ನಾಲ್ಕು ಗಂಟೆಯ ಕೆಲಸ. ಮೂರನೇ ಗಂಟೆಗೆ ಕಾಲು ನೋವು ಶುರು. ಅದಕ್ಕಿಂತ ಚಿಕ್ಕ ಮಗುವಾದರೆ ಬ್ಯಾಟರಿ ವಾಹನವಿದೆ. ಆದರೆ ಅದು ಎಲ್ಲಿಯೂ ನಾವು ಬಯಸಿದಷ್ಟು ಹೊತ್ತು ನಿಲ್ಲುವುದಿಲ್ಲ, ತಳ್ಳುಗಾಡಿಯೇ ಉತ್ತಮ. ಪಕ್ಕದಲ್ಲೇ ಇರುವ ಕಾರಂಜಿ ಕೆರೆಯನ್ನು ಅದೇ ದಿನಕ್ಕೆ ಸೇರಿಸಬೇಡಿ. ಅಲ್ಲಿನ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳನ್ನು ದಣಿದ ಮಗು ಕಣ್ಣೆತ್ತಿ ನೋಡುವುದಿಲ್ಲ. ಅದಕ್ಕೆ ಇನ್ನೊಂದು ಬೆಳಿಗ್ಗೆಯನ್ನೇ ಮೀಸಲಿಡಿ, ಮಂಗಳವಾರ ಬಿಟ್ಟು.